ಜಾಗ ಬದಲಿಸುವ ಡಿಸ್ಕಿನಲ್ಲಿ ಕದಲಬಾರದ ಫೈಲು

ಪ್ರಶ್ನೆ: 8 ಜಿಬಿ ರ‍್ಯಾಮ್ ಇರುವ ನನ್ನ ಲ್ಯಾಪ್‌ಟಾಪಿಗೆ ಹೊಸದಾಗಿ ಲಿನಕ್ಸ್ ಹಾಕಿದೆ. ಸ್ನ್ಯಾಪ್‌ಶಾಟ್ ಸೌಲಭ್ಯ ಬೇಕೆಂದು ಈ ಸಲ ಇಎಕ್ಸ್‌ಟಿ4 ಬಿಟ್ಟು ಬಿಟಿಆರ್‌ಎಫ್‌ಎಸ್ ಆರಿಸಿಕೊಂಡೆ. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಮಾಡಲಿಲ್ಲ. ಆಮೇಲೆ ಒಂದು ಸ್ವಾಪ್ ಫೈಲ್ ಮಾಡಿಕೊಂಡರಾಯಿತು ಅಂದುಕೊಂಡೆ. ಈಗ ಮೊದಲಿನ ಆಜ್ಞೆಗಳನ್ನೇ ಕೊಟ್ಟರೆ ಕೊನೆಯ ಹಂತದಲ್ಲಿ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ನಿಂತುಬಿಡುತ್ತದೆ. ಇದೇ ಆಜ್ಞೆಗಳು ಹಿಂದೆ ಸಲೀಸಾಗಿ ನಡೆಯುತ್ತಿದ್ದವಲ್ಲ? ಇನ್‌ಸ್ಟಾಲ್ ಮಾಡುವಾಗಲೇ ಏನು ಮಾಡಬೇಕಿತ್ತು? ನನಗೆ ಹೈಬರ್ನೇಟ್ ಕೂಡ ಬೇಕು.

ಉತ್ತರ: ಸ್ವಾಪ್ ಫೈಲಿಗೂ ಬಿಟಿಆರ್‌ಎಫ್‌ಎಸ್‌ನಂಥ ಕಾಪಿ-ಆನ್-ರೈಟ್ ಫೈಲ್‌ಸಿಸ್ಟಮ್‌ಗಳಿಗೂ ಮೊದಲಿನಿಂದಲೇ ಒಂದು ತಕರಾರಿದೆ. ಡಿಸ್ಕಿನಲ್ಲಿ ಒಮ್ಮೆ ಕೊಟ್ಟ ಜಾಗದಿಂದ ತನ್ನನ್ನು ಯಾರೂ ಎಬ್ಬಿಸಬಾರದು ಎನ್ನುವುದು ಸ್ವಾಪಿನ ಪಟ್ಟು. ಬರೆದ ಜಾಗದ ಮೇಲೆ ಮತ್ತೆ ಬರೆಯುವುದಿಲ್ಲ ಎನ್ನುವುದು ಬಿಟಿಆರ್‌ಎಫ್‌ಎಸ್‌ನ ವ್ರತ. ನೀವು ಕಂಡ ದೋಷದ ಸಂದೇಶ ಈ ಎರಡರ ನಡುವೆ ಸಿಕ್ಕಿಬಿದ್ದ ಕರ್ನಲ್ ಹೇಳಿದ ‘ಒಲ್ಲೆ’. ಅದು ಒಲ್ಲೆ ಅಂದದ್ದರಿಂದಲೇ ನಿಮ್ಮ ಫೈಲುಗಳು ಉಳಿದಿವೆ ಎಂದು ಮೊದಲು ತಿಳಿದುಕೊಳ್ಳಿ.

ಸ್ವಾಪ್ ಏಕೆ ಬೇಕು ಎಂಬಲ್ಲಿಂದಲೇ ಶುರುಮಾಡುತ್ತೇನೆ. ‘ಈಗಿನ ಯಂತ್ರಗಳಿಗೆ ಅದು ಬೇಡ’ ಎಂಬ ಮಾತು ತುಂಬ ಹಬ್ಬಿದೆ, 8 ಜಿಬಿ ಯಂತ್ರದ ಮಟ್ಟಿಗೆ ಅದು ಕೆಟ್ಟ ಸಲಹೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಕರ್ನಲ್ ರ‍್ಯಾಮನ್ನು 4 ಕಿಲೋಬೈಟಿನ ಪುಟಗಳಾಗಿ ಹಂಚಿಕೊಂಡು ಲೆಕ್ಕ ಇಡುತ್ತದೆ. ಈ ಪುಟಗಳಲ್ಲಿ ಎರಡು ಜಾತಿ. ಡಿಸ್ಕಿನ ಯಾವುದೋ ಫೈಲಿನಿಂದ ಓದಿ ತಂದವು ಒಂದು: ಪ್ರೋಗ್ರಾಮಿನ ಕೋಡ್, ತೆರೆದ ಚಿತ್ರ, ಲೈಬ್ರರಿಗಳು. ಜಾಗ ಸಾಲದಿದ್ದರೆ ಇವನ್ನು ಬಿಸಾಡಬಹುದು, ಬೇಕಾದಾಗ ಮತ್ತೆ ಓದಬಹುದು. ಇನ್ನೊಂದು ಜಾತಿಗೆ ಹಿಂದೆ ಯಾವ ಫೈಲಿನ ಆಸರೆಯೂ ಇಲ್ಲ. ಬ್ರೌಸರಿನ ಟ್ಯಾಬಿನಲ್ಲಿ ಅರ್ಧ ತುಂಬಿಸಿದ ಅರ್ಜಿ, ಇನ್ನೂ ಉಳಿಸದ ಬರಹ, ಪ್ರೋಗ್ರಾಮು ತನ್ನ ಕೆಲಸಕ್ಕೆಂದು ಹಿಡಿದುಕೊಂಡ ಜಾಗ ಇವೆಲ್ಲ ಆ ಬಗೆಯವು. ಇವು ರ‍್ಯಾಮಿನಿಂದ ಹೊರಗೆ ಹೋಗಬೇಕಾದರೆ ಇರುವ ಒಂದೇ ಬಾಗಿಲು ಸ್ವಾಪ್. ಅದನ್ನು ಮುಚ್ಚಿದರೆ, ಬೆಳಿಗ್ಗೆಯಿಂದ ಯಾರೂ ಮುಟ್ಟದ ಟ್ಯಾಬು ರ‍್ಯಾಮಿನಲ್ಲೇ ಕೂತಿರುತ್ತದೆ, ಈ ಕ್ಷಣ ಓಡುತ್ತಿರುವ ಪ್ರೋಗ್ರಾಮಿನ ಕೋಡ್ ಹೊರಗೆ ಹೋಗುತ್ತದೆ. ಮರುಕ್ಷಣವೇ ಅದು ಬೇಕಾಗಿ ಡಿಸ್ಕಿನಿಂದ ಮತ್ತೆ ಓದಬೇಕಾಗುತ್ತದೆ. ಡಿಸ್ಕಿನ ದೀಪ ಒಂದೇ ಸಮನೆ ಉರಿಯುತ್ತ, ಮೌಸ್ ಅಲ್ಲಾಡದೆ ನಿಂತು, ಕೊನೆಗೆ ಕರ್ನಲ್ ಯಾವುದೋ ಒಂದು ಪ್ರೋಗ್ರಾಮನ್ನು ಕೊಂದು ದಾರಿ ಮಾಡಿಕೊಳ್ಳುವುದು ಇಂಥ ಹೊತ್ತಿನಲ್ಲೇ.

ಈಗ ತಕರಾರಿನ ಬುಡಕ್ಕೆ ಬರೋಣ. ‘ಸ್ವಾಪ್‌ಆನ್’ ಎಂದು ಆಜ್ಞೆ ಕೊಟ್ಟಾಗ ಕರ್ನಲ್ ಫೈಲ್‌ಸಿಸ್ಟಮನ್ನು ಒಂದೇ ಒಂದು ಸಲ ಮಾತಾಡಿಸುತ್ತದೆ: ಈ ಫೈಲು ಡಿಸ್ಕಿನ ಯಾವ ಯಾವ ಬ್ಲಾಕುಗಳಲ್ಲಿದೆ, ಹೇಳು. ಉತ್ತರವನ್ನು ಪಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಫೈಲ್‌ಸಿಸ್ಟಮಿನ ಗೊಡವೆಗೇ ಹೋಗದೆ ನೇರವಾಗಿ ಆ ಬ್ಲಾಕುಗಳಿಗೆ ಬರೆಯುತ್ತದೆ, ಓದುತ್ತದೆ. ಇಎಕ್ಸ್‌ಟಿ4 ಮೇಲಿನ ಸ್ವಾಪ್ ಫೈಲು ವೇಗದಲ್ಲಿ ಸ್ವಾಪ್ ಪಾರ್ಟಿಷನ್ನಿಗೆ ಸಮ ಎನ್ನುವುದು ಇದರಿಂದಲೇ. ಆದರೆ ವೇಗಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಸ್ವಾಪಿಗೆ ಬರೆಯುವ ಹೊತ್ತು ಅಂದರೆ ರ‍್ಯಾಮ್ ಮುಗಿಯುತ್ತಿರುವ ಹೊತ್ತು. ಆಗ ಫೈಲ್‌ಸಿಸ್ಟಮಿಗೆ ‘ಇದನ್ನು ಬರೆದುಕೊಡು’ ಎಂದು ಕೇಳಿದರೆ, ಬರೆಯುವ ಏರ್ಪಾಡಿಗೆಂದು ಅದೇ ರ‍್ಯಾಮ್ ಕೇಳುತ್ತದೆ. ರ‍್ಯಾಮ್ ಬಿಡಿಸಲು ಬರೆಯಬೇಕು, ಬರೆಯಲು ರ‍್ಯಾಮ್ ಬೇಕು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತ ಯಂತ್ರ ಅಲ್ಲೇ ಕಲ್ಲಾಗುತ್ತದೆ.

ಇನ್ನು ಕಾಪಿ-ಆನ್-ರೈಟ್. ಹಿಂದೆ ನಮ್ಮ ವರ್ತಕರು ಬಳಸುತ್ತಿದ್ದ ಕಡತವನ್ನು ನೆನಪಿಸಿಕೊಳ್ಳಿ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದು, ಬೇಡವಾದದ್ದನ್ನು ಒರೆಸಿ, ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತಿದ್ದರು. ಇಎಕ್ಸ್‌ಟಿ4 ನಿಮ್ಮ ಫೈಲಿನ ಒಂದು ಬ್ಲಾಕನ್ನು ಬದಲಿಸುವುದು ಹೆಚ್ಚುಕಡಿಮೆ ಹೀಗೆಯೇ. ಬಿಟಿಆರ್‌ಎಫ್‌ಎಸ್ ಒರೆಸುವುದೇ ಇಲ್ಲ. ಬದಲಾದ ಬ್ಲಾಕನ್ನು ಖಾಲಿ ಇರುವ ಬೇರೆ ಜಾಗದಲ್ಲಿ ಬರೆಯುತ್ತದೆ. ಬ್ಲಾಕುಗಳ ವಿಳಾಸಗಳನ್ನು ಅದು ಒಂದು ಮರದ ಆಕಾರದಲ್ಲಿ ಜೋಡಿಸಿಟ್ಟಿರುತ್ತದೆ. ಆ ಹೊಸ ವಿಳಾಸವನ್ನು ಹಿಡಿದಿಡುವ ನೋಡ್ ಬದಲಾಗಬೇಕಲ್ಲ, ಅದನ್ನೂ ಬೇರೆ ಕಡೆ ಬರೆಯುತ್ತದೆ. ಅದರ ಮೇಲಿನದನ್ನೂ, ಅದರ ಮೇಲಿನದನ್ನೂ. ಹೀಗೆ ಮರದ ಬುಡದವರೆಗೆ ಹೊಸ ದಾರಿ ಸಿದ್ಧವಾದ ಮೇಲೆ ಸೂಪರ್‌ಬ್ಲಾಕ್ ಹೊಸ ಬುಡವನ್ನು ತೋರಿಸುತ್ತದೆ. ನಡುವೆ ಕರೆಂಟು ಹೋದರೂ ಹಳೆಯ ಮರ ಹಾಗೆಯೇ ನಿಂತಿರುತ್ತದೆ. ಹಳೆಯ ಬುಡವನ್ನು ಬಿಸಾಡದೆ ಹಿಡಿದಿಟ್ಟುಕೊಂಡರೆ ಅದೇ ಸ್ನ್ಯಾಪ್‌ಶಾಟ್. ಅದಕ್ಕಾಗಿಯೇ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಒರಾಕಲ್‌ನಲ್ಲಿದ್ದಾಗ ಕ್ರಿಸ್ ಮೇಸನ್ 2007ರಲ್ಲಿ ಈ ಕೆಲಸ ಶುರುಮಾಡಿದರು. 2009ರಲ್ಲಿ 2.6.29ನೇ ಆವೃತ್ತಿಯೊಂದಿಗೆ ಬಿಟಿಆರ್‌ಎಫ್‌ಎಸ್ ಲಿನಕ್ಸ್ ಕರ್ನಲ್ಲಿನ ಒಳಗೆ ಬಂತು.

ಈ ಎರಡನ್ನೂ ಒಟ್ಟಿಗಿಟ್ಟು ನೋಡಿ. ಕರ್ನಲ್ಲಿನ ಕೈಯಲ್ಲಿ ಸ್ವಾಪ್ ಫೈಲಿನ ಬ್ಲಾಕುಗಳ ಹಳೆಯ ಪಟ್ಟಿ ಇದೆ. ಫೈಲ್‌ಸಿಸ್ಟಮ್ ಮಾತ್ರ ಆ ಫೈಲನ್ನು ಬೇರೆ ಕಡೆ ಸಾಗಿಸಿ, ಖಾಲಿಯಾದ ಜಾಗವನ್ನು ನಿಮ್ಮ ಮಗಳ ಹುಟ್ಟುಹಬ್ಬದ ಫೋಟೋಗೆ ಕೊಟ್ಟಿದೆ. ಕರ್ನಲ್ ತನ್ನ ಪಟ್ಟಿಯನ್ನು ನಂಬಿ ಆ ಫೋಟೋ ಮೇಲೆ ರ‍್ಯಾಮಿನ ಪುಟಗಳನ್ನು ಸುರಿಯುತ್ತದೆ. ಈ ಅನಾಹುತ ಬೇಡವೆಂದೇ ಬಹಳ ವರ್ಷ ಬಿಟಿಆರ್‌ಎಫ್‌ಎಸ್ ಬ್ಲಾಕುಗಳ ವಿಳಾಸವನ್ನು ಸ್ವಾಪಿಗೆ ಬಿಟ್ಟುಕೊಡಲೇ ಇಲ್ಲ. ಆಗ ಕೆಲವರು ಫೈಲನ್ನು ಲೂಪ್ ಡಿವೈಸ್ ಆಗಿಸಿ ಅದರ ಮೇಲೆ ಸ್ವಾಪ್ ಹಾಕುವ ಅಡ್ಡದಾರಿ ಹಿಡಿದರು. ಈಗಲೂ ಯಾರಾದರೂ ಹಾಗೆ ಹೇಳಿಕೊಟ್ಟರೆ ಕಿವಿಗೊಡಬೇಡಿ. ಆ ದಾರಿಯಲ್ಲಿ ಪ್ರತಿ ಬರಹವೂ ಫೈಲ್‌ಸಿಸ್ಟಮಿನ ಮೂಲಕವೇ ಹೋಗುತ್ತದೆ, ಮೇಲೆ ಹೇಳಿದ ಕಲ್ಲಾಗುವ ಅಪಾಯ ಪೂರ್ತಿಯಾಗಿ ಮರಳುತ್ತದೆ.

ಸರಿಯಾದ ದಾರಿ ತೆರೆದದ್ದು 2019ರ ಮಾರ್ಚಿನಲ್ಲಿ, ಕರ್ನಲ್ 5.0ರ ಜೊತೆಗೆ. ಆಗ ಫೇಸ್‌ಬುಕ್‌ನಲ್ಲಿದ್ದ ಒಮರ್ ಸ್ಯಾಂಡೊವಲ್ ಬರೆದ ತಿದ್ದುಪಡಿಗಳ ನಂತರ ಬಿಟಿಆರ್‌ಎಫ್‌ಎಸ್ ಕರ್ನಲ್ಲಿಗೆ ಡಿಸ್ಕಿನ ನಿಜವಾದ ವಿಳಾಸಗಳನ್ನು ಕೊಡುತ್ತದೆ, ಸ್ವಾಪ್ ಚಾಲೂ ಇರುವಷ್ಟು ಹೊತ್ತು ಆ ಬ್ಲಾಕುಗಳನ್ನು ಅಲ್ಲಾಡದಂತೆ ಕಟ್ಟಿಹಾಕುತ್ತದೆ. ಕಟ್ಟಿಹಾಕಬೇಕಾದರೆ ಅದು ಕೆಲವು ಷರತ್ತು ಹಾಕುತ್ತದೆ. ಆ ಫೈಲಿಗೆ ಕಾಪಿ-ಆನ್-ರೈಟ್ ನಿಲ್ಲಿಸಿರಬೇಕು. ಅದು ಕಂಪ್ರೆಸ್ ಆಗಿರಬಾರದು. ನಡುವೆ ಖಾಲಿ ಬಿಲಗಳಿರಬಾರದು, ಅಂದರೆ ಪೂರ್ತಿ ಜಾಗವನ್ನು ಮೊದಲೇ ಕಾದಿರಿಸಿರಬೇಕು. ಇಡೀ ಫೈಲು ಒಂದೇ ಡಿಸ್ಕಿನ ಮೇಲೆ, ಪ್ರತಿಯಿಲ್ಲದ ‘ಸಿಂಗಲ್’ ವಿಧಾನದಲ್ಲಿರಬೇಕು. ಎರಡು ಡಿಸ್ಕು ಜೋಡಿಸಿ ರೇಡ್1 ಮಾಡಿಕೊಂಡವರಿಗೆ ಈ ಕೊನೆಯ ಷರತ್ತಿನಿಂದಲೇ ಬಾಗಿಲು ಮುಚ್ಚಿತು. ಅವರು ಇನ್‌ಸ್ಟಾಲ್ ಮಾಡುವಾಗಲೇ ಸ್ವಾಪ್‌ಗೆ ಪಾರ್ಟಿಷನ್ ಎತ್ತಿಡಬೇಕು.

ನಿಮ್ಮ ಹಳೆಯ ಆಜ್ಞೆಗಳು ಎಡವಿದ್ದು ಬಹುಶಃ ಮೊದಲನೆಯ ಷರತ್ತಿನಲ್ಲಿ. ‘ಡಿಮೆಸೇಜ್’ ಎಂದು ಕರ್ನಲ್ಲಿನ ದಿನಚರಿ ತೆರೆದು ಕೊನೆಯ ಸಾಲುಗಳನ್ನು ಓದಿ. ಸ್ವಾಪ್ ಫೈಲು ಕಾಪಿ-ಆನ್-ರೈಟ್ ಇರಬಾರದು, ಅಥವಾ ಕಂಪ್ರೆಸ್ ಆಗಿರಬಾರದು, ಅಥವಾ ಬಿಲಗಳಿರಬಾರದು ಎಂದು ಬಿಟಿಆರ್‌ಎಫ್‌ಎಸ್ ಅಲ್ಲಿ ಬಿಡಿಸಿ ಹೇಳಿರುತ್ತದೆ. ತೆರೆಯ ಮೇಲೆ ಕಂಡ ಒರಟು ಸಂದೇಶಕ್ಕಿಂತ ಆ ಸಾಲು ಎಷ್ಟೋ ಉಪಕಾರಿ. ಕಾಪಿ-ಆನ್-ರೈಟ್ ನಿಲ್ಲಿಸುವ ಆಜ್ಞೆ ‘ಚ್ಯಾಟರ್’, ಅದರ ಜೊತೆ ಪ್ಲಸ್ ಚಿಹ್ನೆ ಮತ್ತು ದೊಡ್ಡಕ್ಷರದ ಸಿ. ಎಷ್ಟೋ ಜನ ಜಾರುವುದು ಇಲ್ಲೇ: ಈ ಗುರುತು ಖಾಲಿ ಫೈಲಿಗೆ ಮಾತ್ರ ಸರಿಯಾಗಿ ಹತ್ತುತ್ತದೆ. ಮೊದಲು ನಾಲ್ಕು ಜಿಬಿ ತುಂಬಿಸಿ ಆಮೇಲೆ ಗುರುತು ಹಾಕಹೋದರೆ ಪ್ರಯೋಜನವಿಲ್ಲ. ಶೂನ್ಯ ಗಾತ್ರದ ಫೈಲು ಮಾಡಿ, ಗುರುತು ಹಾಕಿ, ಆಮೇಲೆ ಜಾಗ ಕಾದಿರಿಸಿ, ರೂಟ್ ಬಿಟ್ಟು ಬೇರೆ ಯಾರೂ ಓದದಂತೆ ಅನುಮತಿಯನ್ನು 600ಕ್ಕೆ ಇಳಿಸಿ, ‘ಎಂಕೆಸ್ವಾಪ್’ ಕೊಟ್ಟು, ಕೊನೆಗೆ ‘ಸ್ವಾಪ್‌ಆನ್’.

ಈ ಸರಣಿಯಲ್ಲಿ ತಪ್ಪು ಹೆಜ್ಜೆ ಇಡುವುದು ಸುಲಭ ಎಂದು ಬಿಟಿಆರ್‌ಎಫ್‌ಎಸ್ ಬರೆದವರಿಗೂ ಗೊತ್ತಿತ್ತು. ತಮ್ಮ ಆಜ್ಞೆಗಳ ಕಟ್ಟಾದ ಬಿಟಿಆರ್‌ಎಫ್‌ಎಸ್-ಪ್ರಾಗ್ಸ್ 6.1ರಲ್ಲಿ ‘ಫೈಲ್‌ಸಿಸ್ಟಮ್ ಎಂಕೆಸ್ವಾಪ್‌ಫೈಲ್’ ಎಂಬ ಉಪ-ಆಜ್ಞೆ ಕೊಟ್ಟರು. ಗಾತ್ರ, ದಾರಿ ಎರಡನ್ನೂ ತಿಳಿಸಿದರೆ ಗುರುತಿನಿಂದ ಹಿಡಿದು ಅನುಮತಿಯವರೆಗೆ ಎಲ್ಲವನ್ನೂ ಅದೇ ಮುಗಿಸುತ್ತದೆ, ನಿಮಗೆ ಉಳಿಯುವುದು ಸ್ವಾಪ್‌ಆನ್ ಒಂದೇ. ನಿಮ್ಮದು ಹೊಸ ಲಿನಕ್ಸ್, ಆದ್ದರಿಂದ ಈ ದಾರಿಯನ್ನೇ ಹಿಡಿಯಿರಿ.

ಇಷ್ಟರಿಂದ ಸ್ವಾಪ್ ಚಾಲೂ ಆಗುತ್ತದೆ, ನಿಜ. ಆದರೆ ನೀವು ಬಿಟಿಆರ್‌ಎಫ್‌ಎಸ್ ಆರಿಸಿದ್ದೇ ಸ್ನ್ಯಾಪ್‌ಶಾಟಿಗಾಗಿ. ಸ್ವಾಪ್ ಫೈಲನ್ನು ಇಎಕ್ಸ್‌ಟಿ4 ಕಾಲದ ರೂಢಿಯಂತೆ ರೂಟ್ ಫೋಲ್ಡರಿನಲ್ಲೇ ಇಟ್ಟರೆ ಆ ಸ್ನ್ಯಾಪ್‌ಶಾಟೇ ಕೈತಪ್ಪುತ್ತದೆ. ಬಿಟಿಆರ್‌ಎಫ್‌ಎಸ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವುದು ‘ಸಬ್‌ವಾಲ್ಯೂಮ್’ ಎಂಬ ಒಳವಿಭಾಗಗಳ ಲೆಕ್ಕದಲ್ಲಿ. ಚಾಲೂ ಇರುವ ಸ್ವಾಪ್ ಫೈಲು ಯಾವ ಸಬ್‌ವಾಲ್ಯೂಮಿನಲ್ಲಿದೆಯೋ ಆ ಸಬ್‌ವಾಲ್ಯೂಮಿನ ಸ್ನ್ಯಾಪ್‌ಶಾಟ್ ತೆಗೆಯಲು ಬಿಟಿಆರ್‌ಎಫ್‌ಎಸ್ ಬಿಡುವುದಿಲ್ಲ. ಕಾರಣ ಸರಳ: ಸ್ನ್ಯಾಪ್‌ಶಾಟ್ ತೆಗೆದ ಕೂಡಲೇ ಹಳೆಯ ಬ್ಲಾಕುಗಳು ಇಬ್ಬರ ಸ್ವತ್ತಾಗುತ್ತವೆ, ಕಾಪಿ-ಆನ್-ರೈಟ್ ನಿಲ್ಲಿಸಿದ ಫೈಲಾದರೂ ಮುಂದಿನ ಬರಹಕ್ಕೆ ಬೇರೆ ಜಾಗ ಹುಡುಕಲೇಬೇಕು. ಓಪನ್‌ಸೂಸೆಯ ಸ್ನ್ಯಾಪರ್ ಇರಲಿ, ಮಿಂಟ್ ಬಳಸುವವರ ಟೈಮ್‌ಶಿಫ್ಟ್ ಇರಲಿ, ಹಿನ್ನೆಲೆಯಲ್ಲಿ ಸ್ನ್ಯಾಪ್‌ಶಾಟ್ ತೆಗೆಯಹೋಗಿ ಸೋಲುತ್ತವೆ. ಕೆಟ್ಟ ಅಪ್‌ಡೇಟ್ ಬಂದ ದಿನ ಹಿಂದಕ್ಕೆ ಹೋಗೋಣವೆಂದು ನೋಡಿದರೆ ತಿಂಗಳುಗಟ್ಟಲೆ ಒಂದೂ ಸ್ನ್ಯಾಪ್‌ಶಾಟ್ ಇರುವುದಿಲ್ಲ. ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಆತಂಕ ತರುವುದು ಇದೇ, ಏಕೆಂದರೆ ಉಳಿದ ತಪ್ಪುಗಳು ತಕ್ಷಣ ಕೂಗಿ ಹೇಳುತ್ತವೆ, ಇದು ಬೇಕಾದ ದಿನದವರೆಗೆ ಸುಮ್ಮನಿರುತ್ತದೆ.

ಪರಿಹಾರ ಕಷ್ಟದ್ದಲ್ಲ. ಸ್ವಾಪಿಗೆಂದೇ ಒಂದು ಸಬ್‌ವಾಲ್ಯೂಮ್ ಮಾಡಿ ಫೈಲನ್ನು ಅದರೊಳಗೆ ಇಡಿ. ಒಂದು ಸಬ್‌ವಾಲ್ಯೂಮಿನ ಸ್ನ್ಯಾಪ್‌ಶಾಟ್ ಒಳಗಿನ ಇನ್ನೊಂದು ಸಬ್‌ವಾಲ್ಯೂಮಿಗೆ ಇಳಿಯುವುದಿಲ್ಲ, ಹಾಗಾಗಿ ರೂಟಿನ ಸ್ನ್ಯಾಪ್‌ಶಾಟ್‌ಗಳು ನಿರಾತಂಕವಾಗಿ ನಡೆಯುತ್ತವೆ. ಸಾಧ್ಯವಾದರೆ ಅದನ್ನು ರೂಟಿನ ಹೊಟ್ಟೆಯೊಳಗೆ ಮಾಡದೆ, ರೂಟ್ ಮತ್ತು ಹೋಮ್ ಸಬ್‌ವಾಲ್ಯೂಮುಗಳ ಪಕ್ಕದಲ್ಲಿ, ಎಲ್ಲಕ್ಕೂ ಮೇಲಿನ ಹಂತದಲ್ಲಿ ಮಾಡಿ, ಎಫ್‌ಎಸ್‌ಟ್ಯಾಬ್ ಮೂಲಕ ಮೌಂಟ್ ಮಾಡಿಕೊಳ್ಳಿ. ಒಳಗೆ ಮಾಡಿದ್ದರೆ, ಮುಂದೊಂದು ದಿನ ಹಳೆಯ ಸ್ನ್ಯಾಪ್‌ಶಾಟಿಗೆ ಮರಳಿದಾಗ ಸ್ವಾಪ್ ಹಿಂದಿನ ರೂಟಿನಲ್ಲೇ ಉಳಿದು ಹೊಸ ರೂಟಿನಲ್ಲಿ ಖಾಲಿ ಫೋಲ್ಡರ್ ಕಾಣುತ್ತದೆ. ಆ ಸಬ್‌ವಾಲ್ಯೂಮನ್ನು ಕಾಪಿ-ಆನ್-ರೈಟ್ ನಿಲ್ಲಿಸುವ ‘ನೋಡೇಟಾಕೌ’ ಆಯ್ಕೆಯಿಂದ ಮೌಂಟ್ ಮಾಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಇಂಥ ಆಯ್ಕೆಗಳು ಸಬ್‌ವಾಲ್ಯೂಮಿಗೊಂದರಂತೆ ಬೇರೆ ಬೇರೆಯಾಗಿ ನಡೆಯುವುದಿಲ್ಲ. ಮೊದಲು ಮೌಂಟ್ ಆದದ್ದರ ಆಯ್ಕೆಯೇ ಇಡೀ ಫೈಲ್‌ಸಿಸ್ಟಮಿಗೆ ಅನ್ವಯಿಸುತ್ತದೆ. ಗುರುತು ಫೈಲಿಗೇ ಹಾಕಬೇಕು.

ಇನ್‌ಸ್ಟಾಲ್ ಮಾಡುವಾಗಲೇ ಏನು ಮಾಡಬೇಕಿತ್ತು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನೇರವಾದದ್ದು: ಹೈಬರ್ನೇಟ್ ಬೇಕಾಗಿದ್ದವರು, ಡಿಸ್ಕ್ ಹಂಚುವ ತೆರೆಯಲ್ಲೇ ರ‍್ಯಾಮಿನಷ್ಟು ಗಾತ್ರದ ಸ್ವಾಪ್ ಪಾರ್ಟಿಷನ್ ಎತ್ತಿಟ್ಟು, ಉಳಿದದ್ದನ್ನು ಬಿಟಿಆರ್‌ಎಫ್‌ಎಸ್‌ಗೆ ಕೊಡಬೇಕಿತ್ತು. ಆಗ ಮೇಲಿನ ಷರತ್ತುಗಳಲ್ಲಿ ಒಂದೂ ನಿಮ್ಮನ್ನು ತಟ್ಟುತ್ತಿರಲಿಲ್ಲ. ಪಾರ್ಟಿಷನ್ ಹಳೆಯ ಕಾಲದ್ದು, ಫೈಲೇ ಆಧುನಿಕ ಎಂಬ ಭಾವನೆ ಇಎಕ್ಸ್‌ಟಿ4 ಬಳಕೆಯಿಂದ ಬಂದದ್ದು, ಉಬುಂಟು 17.04ರಿಂದ ಸ್ವಾಪ್ ಫೈಲನ್ನೇ ರೂಢಿ ಮಾಡಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಕಾಪಿ-ಆನ್-ರೈಟ್ ವಿಷಯಕ್ಕೆ ಬಂದಾಗ ಇದೇ ಉಬುಂಟು ಬೇರೆ ದಾರಿ ಹಿಡಿಯಿತು. 2019ರ ಅಕ್ಟೋಬರಿನ 19.10ರಲ್ಲಿ ಪ್ರಯೋಗವಾಗಿ, ಇನ್ನೊಂದು ಕಾಪಿ-ಆನ್-ರೈಟ್ ಫೈಲ್‌ಸಿಸ್ಟಮಾದ ಜೆಡ್‌ಎಫ್‌ಎಸ್ ಮೇಲೆ ಇನ್‌ಸ್ಟಾಲ್ ಮಾಡುವ ಆಯ್ಕೆ ಕೊಟ್ಟಾಗ, ಸ್ವಾಪನ್ನು ಜೆಡ್‌ಎಫ್‌ಎಸ್ ಹೊರಗೆ ಬೇರೆ ಪಾರ್ಟಿಷನ್ನಿನಲ್ಲಿ ಇಟ್ಟಿತು. 2014ರ ಫ್ರೀಬಿಎಸ್‌ಡಿ 10.0ರಿಂದ ಅದರ ಇನ್‌ಸ್ಟಾಲರೂ ಜೆಡ್‌ಎಫ್‌ಎಸ್ ಆರಿಸಿದವರಿಗೆ 2 ಜಿಬಿ ಸ್ವಾಪ್ ಪಾರ್ಟಿಷನ್ನನ್ನು ತಾನಾಗಿ ಸೂಚಿಸಿ, ಅದಕ್ಕೆ ಮಿರರ್ ಬೇಕೇ, ಎನ್‌ಕ್ರಿಪ್ಟ್ ಮಾಡಬೇಕೇ ಎಂದು ಕೇಳುತ್ತದೆ.

ಜೆಡ್‌ಎಫ್‌ಎಸ್ ಹೆಸರು ಬಂತಲ್ಲ, ನಿಮ್ಮ ಹಾಗೆ ಕುತೂಹಲವಿರುವವರು ನಾಳೆ ಅದನ್ನೂ ಹಾಕಿ ನೋಡಬಹುದು, ಆದ್ದರಿಂದ ಎರಡು ಮಾತು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಆರೆನ್ಸ್ ಮತ್ತು ಸಂಗಡಿಗರು ಕಟ್ಟಿದ ಈ ಫೈಲ್‌ಸಿಸ್ಟಮಿನಲ್ಲಿ ‘ಜೆಡ್‌ವಾಲ್’ ಎಂಬ ಬ್ಲಾಕ್ ಡಿವೈಸ್ ಮಾಡಬಹುದು. ಸೋಲಾರಿಸ್ ತನ್ನ ಸ್ವಾಪನ್ನು ಅದರ ಮೇಲೇ ಇಡುತ್ತದೆ. ಲಿನಕ್ಸಿನಲ್ಲಿ ಆ ಕೆಲಸ ಮಾಡಬೇಡಿ. ಜೆಡ್‌ವಾಲಿಗೆ ಬರೆಯುವುದೆಂದರೆ ಚೆಕ್‌ಸಮ್, ಹೊಸ ಜಾಗದ ಹಂಚಿಕೆ, ಮರದ ಬುಡದವರೆಗಿನ ಬರಹ ಎಲ್ಲವೂ ನಡೆಯಬೇಕು, ಎಲ್ಲಕ್ಕೂ ರ‍್ಯಾಮ್ ಬೇಕು. ರ‍್ಯಾಮ್ ತೀರಾ ಬಿಗಿಯಾದಾಗ ಯಂತ್ರ ಬೀಗ ಬಿದ್ದಂತೆ ನಿಲ್ಲುತ್ತದೆ ಎಂದು ಓಪನ್‌ಜೆಡ್‌ಎಫ್‌ಎಸ್ ಬಳಕೆದಾರರು ಎಷ್ಟೋ ಸಲ ವರದಿ ಮಾಡಿದ್ದಾರೆ. ಜೆಡ್‌ಎಫ್‌ಎಸ್ ಒಳಗೆ ಸಾಮಾನ್ಯ ಫೈಲನ್ನು ಸ್ವಾಪ್ ಮಾಡಲಂತೂ ಲಿನಕ್ಸಿನಲ್ಲಿ ಬರುವುದೇ ಇಲ್ಲ.

ಫೆಡೋರಾ ಇನ್ನೊಂದು ದಾರಿ ತೋರಿಸಿತು. 2020ರ ಅಕ್ಟೋಬರಿನ ಫೆಡೋರಾ 33ರಲ್ಲಿ ವರ್ಕ್‌ಸ್ಟೇಷನ್ ಆವೃತ್ತಿಗೆ ಬಿಟಿಆರ್‌ಎಫ್‌ಎಸ್ ರೂಢಿಯ ಫೈಲ್‌ಸಿಸ್ಟಮ್ ಆಯಿತು, ಅದೇ ಆವೃತ್ತಿಯಲ್ಲಿ ಡಿಸ್ಕಿನ ಸ್ವಾಪ್ ಕೈಬಿಟ್ಟು ಜೆಡ್‌ರ‍್ಯಾಮ್ ಬಂತು. ಇಲ್ಲಿ ಪುಟಗಳನ್ನು ಡಿಸ್ಕಿಗೆ ಕಳಿಸದೆ, ಕಂಪ್ರೆಸ್ ಮಾಡಿ ರ‍್ಯಾಮಿನಲ್ಲೇ ಚಿಕ್ಕದಾಗಿಸಿ ಇಡುತ್ತಾರೆ. ಡಿಸ್ಕೇ ಇಲ್ಲದ ಮೇಲೆ ಕಾಪಿ-ಆನ್-ರೈಟ್ ತಕರಾರೂ ಇಲ್ಲ. ದಿನನಿತ್ಯದ ಬಳಕೆಗೆ ಇದು ನಿಜಕ್ಕೂ ಸೊಗಸಾದ ಏರ್ಪಾಡು, 8 ಜಿಬಿ ಯಂತ್ರಕ್ಕೆ ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಕರೆಂಟು ಹೋದರೆ ರ‍್ಯಾಮಿನ ಜೊತೆ ಅದೂ ಹೋಗುತ್ತದೆ, ಹಾಗಾಗಿ ಹೈಬರ್ನೇಟಿಗೆ ಕೆಲಸಕ್ಕೆ ಬಾರದು. ನಿಮಗೆ ಎರಡೂ ಇರಲಿ: ಜೆಡ್‌ರ‍್ಯಾಮಿಗೆ ಹೆಚ್ಚಿನ ಆದ್ಯತೆಯ ಅಂಕ, ಡಿಸ್ಕಿನ ಸ್ವಾಪಿಗೆ ಕಡಿಮೆ. ಡಿಸ್ಕಿನದು ಹೆಚ್ಚಾಗಿ ಹೈಬರ್ನೇಟಿಗೆಂದೇ ಕಾದಿರುತ್ತದೆ.

ಹೈಬರ್ನೇಟ್ ಮಾಡುವಾಗ ಕರ್ನಲ್ ರ‍್ಯಾಮಿನ ಚಿತ್ರವನ್ನು ಸ್ವಾಪಿಗೆ ಬರೆದು ಯಂತ್ರ ಆರಿಸುತ್ತದೆ. ಚಿತ್ರವನ್ನು ರ‍್ಯಾಮಿನ ಐದರಲ್ಲಿ ಎರಡು ಪಾಲಿನೊಳಗೆ ಇಳಿಸಲು ಅದು ತಾನಾಗಿ ಪ್ರಯತ್ನಿಸುತ್ತದಾದರೂ, ಯಂತ್ರ ತುಂಬಿ ತುಳುಕುತ್ತಿರುವಾಗ ಆ ಲೆಕ್ಕ ನಂಬುವಂತಿಲ್ಲ. 8 ಜಿಬಿಗೆ 8 ಜಿಬಿ ಇಡಿ. ಮತ್ತೆ ಬೂಟ್ ಆಗುವಾಗ ಫೈಲ್‌ಸಿಸ್ಟಮ್ ಮೌಂಟ್ ಆಗುವ ಮೊದಲೇ ಆ ಚಿತ್ರವನ್ನು ಹುಡುಕಬೇಕು. ಸ್ವಾಪ್ ಪಾರ್ಟಿಷನ್ ಇದ್ದರೆ ಅದರ ಗುರುತಿನ ಸಂಖ್ಯೆ ಸಾಕು. ಫೈಲಾದರೆ ಎರಡು ಸಂಗತಿ ಹೇಳಬೇಕು: ಯಾವ ಪಾರ್ಟಿಷನ್, ಅದರಲ್ಲಿ ಎಷ್ಟನೇ ಪುಟದಿಂದ ಶುರು. ಇವೇ ಬೂಟ್ ಸಾಲಿನ ‘ರೆಸ್ಯೂಮ್’ ಮತ್ತು ‘ರೆಸ್ಯೂಮ್ ಆಫ್‌ಸೆಟ್’. ಇಎಕ್ಸ್‌ಟಿ4 ಕಾಲದಲ್ಲಿ ಈ ಸಂಖ್ಯೆಯನ್ನು ‘ಫೈಲ್‌ಫ್ರ್ಯಾಗ್’ ಆಜ್ಞೆಯಿಂದ ತೆಗೆಯುತ್ತಿದ್ದೆವು. ಬಿಟಿಆರ್‌ಎಫ್‌ಎಸ್ ಮೇಲೆ ಆ ಆಜ್ಞೆ ತೋರಿಸುವುದು ಫೈಲ್‌ಸಿಸ್ಟಮಿನ ಒಳಗಿನ ಕಲ್ಪಿತ ವಿಳಾಸ, ಡಿಸ್ಕಿನ ನಿಜವಾದ ಜಾಗ ಅದಲ್ಲ. ಆ ಸಂಖ್ಯೆ ಕೊಟ್ಟರೆ ಚಿತ್ರ ಸಿಗದೆ ಯಂತ್ರ ಹೊಸದಾಗಿ ಬೂಟ್ ಆಗಿ, ಉಳಿಸದ ಕೆಲಸವೆಲ್ಲ ಹೋಗುತ್ತದೆ. ‘ಇನ್‌ಸ್ಪೆಕ್ಟ್-ಇಂಟರ್ನಲ್ ಮ್ಯಾಪ್-ಸ್ವಾಪ್‌ಫೈಲ್’ ಎಂಬ ಬಿಟಿಆರ್‌ಎಫ್‌ಎಸ್ ಉಪ-ಆಜ್ಞೆಗೆ ಸಣ್ಣಕ್ಷರದ ಆರ್ ಆಯ್ಕೆ ಸೇರಿಸಿ ಕೊಟ್ಟರೆ ಸರಿಯಾದ ಸಂಖ್ಯೆಯೊಂದೇ ಬರುತ್ತದೆ, ಅದನ್ನು ಹಾಗೆಯೇ ಬಳಸಿ. ಯುಇಎಫ್‌ಐ ಯಂತ್ರಗಳಲ್ಲಿ ಈಚಿನ ಸಿಸ್ಟಮ್‌ಡಿ ಈ ಜಾಗವನ್ನು ತಾನೇ ಬರೆದಿಟ್ಟುಕೊಂಡು ಮರಳಿ ಹುಡುಕಬಲ್ಲದು.

ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಫೆಡೋರಾ, ಉಬುಂಟು ಮುಂತಾದವುಗಳಲ್ಲಿ ಕರ್ನಲ್ ಲಾಕ್‌ಡೌನ್ ಸ್ಥಿತಿಗೆ ಹೋಗಿ ಹೈಬರ್ನೇಟನ್ನೇ ತಡೆಯುತ್ತದೆ. ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವ ಮೊದಲು ಅದನ್ನು ನೋಡಿ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದವರು ಸ್ವಾಪನ್ನು ಹೊರಗೆ ಬಿಡಬಾರದು, ಪಾಸ್‌ವರ್ಡುಗಳೂ ಕೀಲಿಗಳೂ ರ‍್ಯಾಮಿನಿಂದ ಅಲ್ಲಿಗೆ ಇಳಿದಿರುತ್ತವೆ. ಎನ್‌ಕ್ರಿಪ್ಟ್ ಆದ ಬಿಟಿಆರ್‌ಎಫ್‌ಎಸ್ ಒಳಗಿನ ಸ್ವಾಪ್ ಫೈಲಿಗೆ ಆ ರಕ್ಷಣೆ ತಾನಾಗಿ ಸಿಗುತ್ತದೆ. ಫೈಲಿನ ಪರವಾಗಿ ನಾನು ಹೇಳಬಹುದಾದ ಅತಿ ಬಲವಾದ ಮಾತು ಇದು. ಇನ್ನೊಂದು ಎಚ್ಚರಿಕೆ ಪ್ರಾಣದಷ್ಟು ಮುಖ್ಯ: ಹೈಬರ್ನೇಟ್ ಆದ ಯಂತ್ರವನ್ನು ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಆ ಬಿಟಿಆರ್‌ಎಫ್‌ಎಸ್ ಮೌಂಟ್ ಮಾಡಬೇಡಿ. ಮಲಗಿರುವ ಕರ್ನಲ್ ಹಳೆಯ ಮರವನ್ನು ನೆನಪಿಟ್ಟುಕೊಂಡಿದೆ. ನೀವು ನಡುವೆ ಮರ ಬದಲಿಸಿದರೆ, ಎದ್ದಮೇಲೆ ಅದು ಹಳೆಯ ಲೆಕ್ಕದಲ್ಲೇ ಬರೆದು ಇಡೀ ಫೈಲ್‌ಸಿಸ್ಟಮನ್ನು ಕೆಡಿಸಬಹುದು.

ಈಗ ನಿಮ್ಮ ಸಂಗತಿ. ಇನ್‌ಸ್ಟಾಲ್ ಮುಗಿದಿದೆ, ಮತ್ತೆ ಮಾಡುವ ಅಗತ್ಯವಿಲ್ಲ. ಬಿಟಿಆರ್‌ಎಫ್‌ಎಸ್ ನಡೆಯುತ್ತಿರುವಾಗಲೇ ಕುಗ್ಗಬಲ್ಲದು, ಹಾಗೆ ಕುಗ್ಗಿಸಿ ಪಾರ್ಟಿಷನ್ ಮಾಡಬಹುದು, ಆದರೆ ಆ ಕೆಲಸಕ್ಕೆ ಪೂರ್ತಿ ಬ್ಯಾಕಪ್ ಇಲ್ಲದೆ ಕೈಹಾಕಬೇಡಿ. ನಿಮ್ಮದು ಒಂದೇ ಡಿಸ್ಕಿನ ಲ್ಯಾಪ್‌ಟಾಪಾದರೆ ಫೈಲಿನ ದಾರಿಯೇ ಸಾಕು. ಅರ್ಧಕ್ಕೆ ನಿಂತ ಹಳೆಯ ಸ್ವಾಪ್ ಫೈಲನ್ನು ಅಳಿಸಿ, ಸಬ್‌ವಾಲ್ಯೂಮ್ ಮಾಡಿ, ಎಂಕೆಸ್ವಾಪ್‌ಫೈಲ್‌ನಿಂದ 8 ಜಿಬಿ ಫೈಲು ಮಾಡಿ, ಎಫ್‌ಎಸ್‌ಟ್ಯಾಬ್‌ಗೆ ಸೇರಿಸಿ. ನಂತರ ಕೈಯಾರೆ ಒಂದು ಸ್ನ್ಯಾಪ್‌ಶಾಟ್ ತೆಗೆದು ಅದು ಯಶಸ್ವಿಯಾಯಿತೇ ನೋಡಿ. ತೆರೆದ ಕೆಲಸವನ್ನೆಲ್ಲ ಉಳಿಸಿ ಒಮ್ಮೆ ಹೈಬರ್ನೇಟ್ ಮಾಡಿ ನೋಡಿ. ಡಿಸ್ಕಿನ ಮೇಲಿನ ಡೇಟಾವನ್ನು ಮರುಹಂಚುವ ‘ಬ್ಯಾಲೆನ್ಸ್’ ನಡೆಸುವಾಗ ಸ್ವಾಪ್ ಇರುವ ಭಾಗವನ್ನು ಬಿಟಿಆರ್‌ಎಫ್‌ಎಸ್ ಬಿಟ್ಟು ಮುಂದೆ ಹೋಗುತ್ತದೆ, ಅದಕ್ಕೆ ಗಾಬರಿ ಬೇಡ. ಮುಂದೆ ರ‍್ಯಾಮ್ ಹೆಚ್ಚಿಸಿ ದೊಡ್ಡ ಸ್ವಾಪ್ ಬೇಕೆನಿಸಿದರೆ ಇದೇ ಫೈಲನ್ನು ಹಿಗ್ಗಿಸಬೇಡಿ: ‘ಸ್ವಾಪ್‌ಆಫ್’ ಕೊಟ್ಟು, ಅಳಿಸಿ, ಹೊಸದು ಮಾಡಿ. ಆಗ ಆಫ್‌ಸೆಟ್ ಕೂಡ ಬದಲಾಗಿರುತ್ತದೆ, ಬೂಟ್ ಸಾಲಿನಲ್ಲಿ ಹೊಸ ಸಂಖ್ಯೆ ಹಾಕಿದ ಮೇಲೆಯೇ ಹೈಬರ್ನೇಟ್ ಮಾಡಿ.